ಪೂರ್ಣ ಸಮರ್ಪಣೆ ಮತ್ತು ತೂಕದ ಚೀಟಿ

ಪ್ರಶ್ನೆ: ನಾನು ಮುಧೋಳ ಹತ್ತಿರದ ಹಳ್ಳಿಯವನು. ವಯಸ್ಸು 38. ಕಬ್ಬು ತೂಗುವ ವೇಬ್ರಿಡ್ಜ್ ಒಂದರಲ್ಲಿ ಗುಮಾಸ್ತನಾಗಿದ್ದೇನೆ. ಉಜ್ಜೀವನ ಕೂಟವೊಂದರಲ್ಲಿ ನನ್ನನ್ನು ಸಂಪೂರ್ಣವಾಗಿ ಕರ್ತನಿಗೆ ಒಪ್ಪಿಸಿಕೊಂಡೆ. ಅಂದಿನಿಂದ ವಾರಕ್ಕೊಮ್ಮೆ ಉಪವಾಸ, ರಾತ್ರಿ ಪ್ರಾರ್ಥನೆ ತಪ್ಪಿಲ್ಲ. ರವದಿ (ಕಬ್ಬಿನ ಒಣಗರಿ), ಮಣ್ಣು ಎಂಬ ನೆಪದಲ್ಲಿ ಪ್ರತಿ ಟ್ರ್ಯಾಲಿಗೆ ಎರಡು ಕ್ವಿಂಟಲ್ ಮುರಿದುಕೊಂಡು ಚೀಟಿ ಬರೆಯಲು ಮಾಲೀಕರು ಹೇಳುತ್ತಾರೆ. ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಹೋಗುವೆನೆಂದರೆ ಹೆಂಡತಿ, ‘ಮಕ್ಕಳ ಫೀ, ಮನೆಯ ಸಾಲ ಯಾರು ಕಟ್ಟುವುದು?’ ಎನ್ನುತ್ತಾಳೆ. ದೇವರ ಮಾತು ಕೇಳಲೇ, ಮನೆಯವರ ಮಾತು ಕೇಳಲೇ?

ಉತ್ತರ: ನಿಮ್ಮ ಪತ್ರದಲ್ಲಿ ಉಪವಾಸ, ಪ್ರಾರ್ಥನೆಗಳ ನಂತರ ತೂಕದ ಚೀಟಿಯ ವಿಷಯ ಒಂದೇ ವಾಕ್ಯದಲ್ಲಿ ಬಂದು ಹೋಗಿದೆ. ನನಗೆ ಮಾತ್ರ ಇಡೀ ಪ್ರಶ್ನೆ ಆ ವಾಕ್ಯದಲ್ಲಿಯೇ ಇದೆ ಎನಿಸುತ್ತದೆ.

ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಸುಂಕದವರು ದೀಕ್ಷಾಸ್ನಾನಕ್ಕೆಂದು, ಅಡವಿಯಲ್ಲಿ ಸಾರುತ್ತಿದ್ದ ಸ್ನಾನಿಕ ಯೋಹಾನನ ಬಳಿಗೆ ಬಂದು ‘ನಾವೇನು ಮಾಡಬೇಕು?’ ಎಂದು ಕೇಳುತ್ತಾರೆ. ಜನರನ್ನು ಸುಲಿಯುವವರೆಂದು ಕುಖ್ಯಾತರಾಗಿದ್ದ ಅವರಿಗೂ ಯೋಹಾನನು ಸುಂಕದ ಕಟ್ಟೆ ಬಿಟ್ಟು ಅಡವಿಗೆ ಬನ್ನಿರೆಂದು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿರೆಂದಷ್ಟೇ ಹೇಳಿದನು. ಬೆಸ್ತರು ಬಲೆ ಬಿಟ್ಟು ಯೇಸುವನ್ನು ಹಿಂಬಾಲಿಸಿದ್ದೂ ನಿಜ, ಎಲ್ಲವನ್ನೂ ಬಿಟ್ಟು ಬರುವ ಕರೆ ಇದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸುಳ್ಳು ಬರೆಯುವುದು ಅಸಹನೀಯವಾಯಿತೆಂದು ಹೊರಡುವುದನ್ನೂ ಕರೆಗೆ ಓಗೊಡುವುದನ್ನೂ ನೀವು ಒಂದೇ ಮಾಡಿಕೊಂಡಂತಿದೆ. ನೀವು ಸದ್ದಿಲ್ಲದೆ ಎದ್ದುಹೋದರೆ ಮರುದಿನ ಆ ಕುರ್ಚಿಯಲ್ಲಿ ಮತ್ತೊಬ್ಬ ಗುಮಾಸ್ತ ಕೂರುತ್ತಾನೆ, ರಾತ್ರಿಯೆಲ್ಲ ಸರದಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾದ ರೈತನಿಗೆ ಅದೇ ಎರಡು ಕ್ವಿಂಟಲ್ ಮುರಿಯುತ್ತದೆ, ನಿಮ್ಮ ಕೈ ಮಾತ್ರ ಸ್ವಚ್ಛವಾಗಿರುತ್ತದೆ. ಇದನ್ನು ಸಮರ್ಪಣೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಆದ್ದರಿಂದ ಮೊದಲು ಚೀಟಿಯನ್ನು ಸರಿಮಾಡಿರಿ. ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ ಎರಡನ್ನೂ ಯಂತ್ರ ತೋರಿಸಿದಂತೆಯೇ ಬರೆಯುತ್ತೇನೆ. ರವದಿಗೆಂದು ಏನಾದರೂ ಕಳೆಯುವುದಿದ್ದರೆ ರೈತನ ಕಣ್ಣೆದುರೇ ನೋಡಿ, ಕಾರಣ ಸಹಿತ ಬೇರೆ ಕಾಲಮ್ಮಿನಲ್ಲಿ ನಮೂದಿಸುತ್ತೇನೆ ಎಂದು ಮಾಲೀಕರಿಗೆ ವಿನಯದಿಂದ, ಆದರೆ ಬರವಣಿಗೆಯಲ್ಲಿ ತಿಳಿಸಿರಿ. ವೇಬ್ರಿಡ್ಜ್‌ಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕುತ್ತಾರೆ. ಯಂತ್ರ ಸರಿಯಿದ್ದೂ ಚೀಟಿ ಸುಳ್ಳು ಹೇಳಿದರೆ ಆ ಮುದ್ರೆಯಿಂದ ಯಾರಿಗೇನು ಪ್ರಯೋಜನ? ಮಾಲೀಕರು ಒಪ್ಪದಿದ್ದರೆ ಸುಳ್ಳು ಚೀಟಿಗೆ ಸಹಿ ಹಾಕಬೇಡಿರಿ. ಇದರಿಂದ ಕೆಲಸ ಹೋಗಬಹುದು, ಅದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ನ್ಯಾಯವಲ್ಲ. ಆದರೆ ಸತ್ಯ ಹೇಳಿ ಕೆಲಸ ಕಳೆದುಕೊಂಡವನ ಕಷ್ಟ ಏನೆಂದು ಹೆಂಡತಿಗೂ ಸಭೆಗೂ ಅರ್ಥವಾಗುತ್ತದೆ. ಕಾರಣ ಹೇಳದೆ ಕೆಲಸ ಬಿಟ್ಟವನದು ಅರ್ಥವಾಗುವುದಿಲ್ಲ.

ನಿಮ್ಮ ಹೆಂಡತಿಗೆ ಈ ಚೀಟಿಯ ಸಂಗತಿ ಗೊತ್ತೇ? ಪತ್ರದಲ್ಲಿ ಅದರ ಸುಳಿವಿಲ್ಲ. ಅವರು ಫೀ, ಸಾಲ ಎಂದದ್ದನ್ನು ನೀವು ಅವಿಶ್ವಾಸವೆಂದು ಎಣಿಸಿದಂತಿದೆ, ಅದು ತಪ್ಪು. ಸ್ವಂತ ಮನೆಯವರನ್ನು ಸಂರಕ್ಷಿಸದವನು ನಂಬದವನಿಗಿಂತ ಕಡೆಯೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರವೇ ಕಟುವಾಗಿ ನುಡಿಯುತ್ತದೆ. ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಕಟ್ಟುವ ಕೆಲಸ ಮಾಡುತ್ತಲೇ ಸಭಾಮಂದಿರದಲ್ಲಿ ವಾದಿಸುತ್ತಿದ್ದನು. ನಿಮ್ಮದೇ ಜಿಲ್ಲೆಯ ಗುಳೇದಗುಡ್ಡದಲ್ಲೂ ಸೇವೆ ಮಾಡಿದ ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ, ಹೊಸದಾಗಿ ವಿಶ್ವಾಸಿಗಳಾದವರಿಗೆ ಅನ್ನದ ದಾರಿಯಾಗಲೆಂದು ನೇಯ್ಗೆ ನಡೆಸಿತು, ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿತು. ದುಡಿಮೆಯನ್ನು ಅವರು ಪ್ರಸಂಗಕ್ಕಿಂತ ಕೀಳೆಂದು ಬಗೆದಿರಲಿಲ್ಲ. (ಉಪವಾಸದ ದಿನ ಮನೆಯಲ್ಲಿ ಮುಖ ಗಂಟು ಹಾಕಿಕೊಂಡಿರುವ ಅಭ್ಯಾಸವಿದ್ದರೆ ಅದನ್ನೂ ಬಿಡಿರಿ, ಮತ್ತಾಯನ ಆರನೆಯ ಅಧ್ಯಾಯ ಓದಿದರೆ ಕಾರಣ ತಿಳಿಯುತ್ತದೆ.)

ದೇವರ ಸೇವೆಯ ಬಯಕೆ ನಿಜವಾಗಿದ್ದರೆ ಅದು ಒಂದು ವರ್ಷ ಕಾಯಬಲ್ಲದು. ಅಷ್ಟರಲ್ಲಿ ಭಾನುವಾರ ಶಾಲೆಯಲ್ಲಿ ಪಾಠ ಮಾಡುವುದೋ, ರೋಗಿಗಳ ಭೇಟಿಯೋ, ಯಾವುದಕ್ಕೆ ನೀವು ಒದಗುವಿರೆಂದು ಸಭಾಪಾಲಕರನ್ನು ಕೇಳಿರಿ. ಹೊಸ ಹಂಗಾಮು ಅಕ್ಟೋಬರ್, ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಮಾಲೀಕರಿಗೆ ಕೊಡುವ ಪತ್ರವನ್ನು ಅದಕ್ಕೂ ಮೊದಲೇ ಬರೆದು, ಕೊಡುವ ಮುನ್ನ ನಿಮ್ಮ ಹೆಂಡತಿಯ ಕೈಗಿಟ್ಟು ಓದಲು ಹೇಳಿರಿ.