ಬರದೇ ಹೋದ ಹುಡುಗರು ಎಲ್ಲಿದ್ದರು, ಮೇಷ್ಟ್ರೇ?

ಮಂಡ್ಯದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು:

"ಬಿ.ಎ. ಮಕ್ಕಳಿಗೆ ಕುವೆಂಪು ಅವರ 'ರಕ್ತಾಕ್ಷಿ' ನಾಟಕ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು, 'ಸಾರ್, ಯಾವುದೋ ಕಾಲದ ರಾಜ, ಯಾವುದೋ ಕಾಲದ ಕೊಲೆ. ಅದನ್ನ ಕಟ್ಕೊಂಡು ನಮಗೇನು?' ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಥ ಹಳೆಯ ನಾಟಕಗಳನ್ನು ಪಠ್ಯದಿಂದ ತೆಗೆದು ಈಗಿನ ಬದುಕಿನ ಬರಹ ಇಡುವುದೇ ಸರಿಯಲ್ಲವೇ? ಅಂದಹಾಗೆ ಅವತ್ತು ಹಾಜರಾತಿಯೂ ಕಮ್ಮಿ. ಪಕ್ಕದ ಊರಲ್ಲಿ ಹಿಂದಿನ ರಾತ್ರಿಯೆಲ್ಲ ಕುರುಕ್ಷೇತ್ರ ನಾಟಕ ಇತ್ತಂತೆ. ಅರ್ಧ ಹುಡುಗರು ಬಂದೇ ಇರಲಿಲ್ಲ."

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಬೇಜಾರಾಯಿತು. ಎರಡನೇ ಸಲ ಆ ಕೊನೆಯ ಸಾಲುಗಳಿಗೆ ಬಂದಾಗ ನಕ್ಕುಬಿಟ್ಟೆ. ಪ್ರಶ್ನೆ ಕೇಳಿದವರೂ ನೀವೇ, ಉತ್ತರ ಬರೆದವರೂ ನೀವೇ. ನಿಮ್ಮ ಕಣ್ಣಿಗೆ ಅದು ಹಾಜರಾತಿಯ ತೊಂದರೆಯಾಗಿ ಕಂಡಿದೆ, ಅಷ್ಟೇ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಹಳೆಯದೆಲ್ಲ ಚಿನ್ನವೇನಲ್ಲ. ಹೆಂಗಸರನ್ನು ಗೇಲಿ ಮಾಡಿ ನಗಿಸುವ ಹಳೆಯ ಹಾಸ್ಯದ ಸೀನುಗಳನ್ನು ಇವತ್ತು ಮನೆಯವರ ಜೊತೆ ಕೂತು ನೋಡಲಾಗದು. ಹಳೆಯ ಕಥೆಗಳಲ್ಲಿ ಜಾತಿಯ ವಿಷವೂ ಇದೆ. ಮಕ್ಕಳಿಗೆ ಈಗಿನ ಬರಹವೂ ಬೇಕು, ಒಪ್ಪಿದೆ. ಮುಂದಕ್ಕೆ ಹೋಗೋಣ.

ನನ್ನ ಸೋದರಮಾವ ಪಾಂಡವಪುರದ ಕಡೆಯವರು. ಕಬ್ಬಿನ ಗದ್ದೆ, ಎರಡು ಎಮ್ಮೆ, ಓದಿದ್ದು ಮೂರನೇ ಕ್ಲಾಸು. ನಾಟಕ ಅಂದರೆ ಪ್ರಾಣ. ಈ ನಾಟಕಗಳಲ್ಲಿ ಪಾರ್ಟು ಮಾಡುವವರೇ ದುಡ್ಡು ಕೊಡಬೇಕು, ನಿಮಗೆ ಗೊತ್ತಿರುವ ವಿಷಯವೇ. ಪಾರ್ಟು ದೊಡ್ಡದಾದಷ್ಟೂ ದುಡ್ಡು ಜಾಸ್ತಿ. ಕಬ್ಬಿನ ಬಿಲ್ಲು ಸರಿಯಾಗಿ ಕೈಸೇರಿದ ವರ್ಷ ಮಾವ ದುರ್ಯೋಧನ. ಸೇರದ ವರ್ಷ ವಿದುರ. ಮಾವನ ಕೈಯಲ್ಲಿ ಪುಸ್ತಕ ನೋಡಿದ ನೆನಪು ನನಗಿಲ್ಲ. ಮಾರಿಗುಡಿಯ ಜಗಲಿಯಲ್ಲಿ ಮೂರು ತಿಂಗಳು ತಾಲೀಮು. ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಡುವುದು, ಇವರು ಒಪ್ಪಿಸುವುದು. ಎಮ್ಮೆ ಹಾಲು ಕರೆಯುವಾಗಲೂ ಬಾಯಲ್ಲಿ ಕಂದಪದ್ಯ. ಎಮ್ಮೆಗೂ ಬಾಯಿಪಾಠ ಆಗಿದೆ ಅಂತ ಅತ್ತೆ ಬಯ್ಯುತ್ತಿದ್ದರು.

ಒಂದು ವರ್ಷದ ನಾಟಕ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಡಿಗೆ ಸೀನರಿ, ಬಾಡಿಗೆ ಕಿರೀಟ, ದ್ರೌಪದಿ ಪಾರ್ಟಿಗೆ ಮೈಸೂರಿನಿಂದ ಬಂದ ಕಲಾವಿದೆ. ಕೃಷ್ಣ ಸಂಧಾನದ ಸೀನಿಗೆ ಮೂರು ಸಲ ಒನ್ಸ್ ಮೋರ್. ಹಾಗಾಗಿ ಯುದ್ಧ ಶುರುವಾಗುವುದೇ ತಡವಾಯಿತು. ಮಾವ ತೊಡೆ ಮುರಿದುಕೊಂಡು ಬೀಳುವ ಹೊತ್ತಿಗೆ ಪೂರ್ವದಲ್ಲಿ ಬೆಳಕು ಹರಿದಿತ್ತು. ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ ಅಜ್ಜಿಯೊಬ್ಬಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹಾಳಾದೋನು, ಐದು ಊರು ಕೊಟ್ಬುಟ್ಟಿದ್ರೆ ಆಗ್ತಿತ್ತಲ್ಲಪ್ಪ" ಎಂದಳು. ಆಗ ಆಕೆಯ ಇಬ್ಬರು ಗಂಡುಮಕ್ಕಳ ನಡುವೆ ಆರು ಗುಂಟೆ ಜಮೀನಿಗೆ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು.

ಪ್ರಸ್ತುತತೆ ಅನ್ನುವ ಪದ ಆ ಅಜ್ಜಿಯ ಕಿವಿಗೆ ಎಂದೂ ಬಿದ್ದಿರಲಿಕ್ಕಿಲ್ಲ.

ಬಿದ್ದವನ ಮೇಲೆ ಈ ಮರುಕ ಇದೆಯಲ್ಲ, ಅದು ನಿಮ್ಮ ಜಿಲ್ಲೆಯ ನೀರಿನಲ್ಲೇ ಇರಬೇಕು. ಬಿ.ಎಂ.ಶ್ರೀ. ಅವರ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಅವರು ರನ್ನನ ಸಾವಿರ ವರ್ಷದ ಹಳೆಯ ಕಾವ್ಯವನ್ನು 1926ರಲ್ಲಿ 'ಗದಾಯುದ್ಧ ನಾಟಕಂ' ಮಾಡಿದರು. 1929ರಲ್ಲಿ ಗ್ರೀಕ್ ಕವಿ ಸೊಫೋಕ್ಲಿಸ್‌ನ ಏಜಾಕ್ಸ್ ಕಥೆಯನ್ನು ಮಹಾಭಾರತಕ್ಕೆ ತಂದು 'ಅಶ್ವತ್ಥಾಮನ್' ಬರೆದರು. 1935ರಲ್ಲಿ ಇನ್ನೊಬ್ಬ ಗ್ರೀಕ್ ಕವಿ ಈಸ್ಕಿಲಸ್‌ನ ನಾಟಕ 'ಪಾರಸಿಕರು' ಆಗಿ ಬಂತು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರೂ ಸೋತವರ ನಾಟಕ!

'ಪಾರಸಿಕರು' ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಈಸ್ಕಿಲಸ್ ಪರ್ಷಿಯನ್ನರ ವಿರುದ್ಧ ಖುದ್ದು ಕತ್ತಿ ಹಿಡಿದವನು. ಕ್ರಿ.ಪೂ. 480ರಲ್ಲಿ ಅವರ ಸೈನ್ಯ ಅಥೆನ್ಸ್‌ಗೆ ಬೆಂಕಿ ಇಟ್ಟಿತ್ತು. ಅದೇ ವರ್ಷ ಸಮುದ್ರದಲ್ಲಿ ಸೋತಿತು. ಎಂಟೇ ವರ್ಷಕ್ಕೆ ಈ ಪುಣ್ಯಾತ್ಮ ಅದೇ ಅಥೆನ್ಸ್‌ನಲ್ಲಿ ನಾಟಕ ಆಡಿಸಿದ. ಯಾರ ಮೇಲೆ? ಶತ್ರುವಿನ ಅರಮನೆಯಲ್ಲಿ ಮಗನ ಸುದ್ದಿಗಾಗಿ ಕಾಯುವ ತಾಯಿಯ ಮೇಲೆ. ಮನೆ ಸುಟ್ಟುಕೊಂಡ ಜನ ಕೂತು ನೋಡಿದರು, ಬಹುಮಾನವನ್ನೂ ಕೊಟ್ಟರು. ಊರು ಸುಟ್ಟ ಎಂಟು ವರ್ಷಕ್ಕೆ ಶತ್ರುವಿನ ತಾಯಿಯ ದುಃಖ ಬರೆಯುವ ಧೈರ್ಯ ಇವತ್ತು ಎಷ್ಟು ಜನಕ್ಕಿದೆ, ಹೇಳಿ? ನಿಮ್ಮ ಹುಡುಗ ಬರೀ ಇಷ್ಟನ್ನು ಕೇಳಿದ್ದರೆ 'ನಮಗೇನು' ಅನ್ನುತ್ತಿದ್ದನಾ?

ಇನ್ನು ಜಾತಿಯ ವಿಷದ ಮಾತು. ಅದಕ್ಕೆ ಮದ್ದು ಅರೆದದ್ದೂ ನಮ್ಮ ಮೈಸೂರಿನಲ್ಲೇ. ಕುವೆಂಪು 1944ರಲ್ಲಿ 'ಶೂದ್ರ ತಪಸ್ವಿ' ಬರೆದರು. ಹಳೆಯ ಕಥೆಯಲ್ಲಿ ತಪಸ್ಸಿಗೆ ಕೂತ ಶೂದ್ರ ಶಂಬೂಕನನ್ನು ರಾಮ ಕೊಲ್ಲುತ್ತಾನೆ. ಕುವೆಂಪು ನಾಟಕದಲ್ಲಿ ರಾಮನ ಬಾಣ ಶಂಬೂಕನನ್ನು ಬಿಟ್ಟು, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ನೀವು ಪಾಠ ಮಾಡುವ 'ರಕ್ತಾಕ್ಷಿ'ಯೂ ಇದೇ ಜಾತಿಯದು. ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ಕಥೆಯನ್ನು ಬಿದನೂರಿಗೆ ತಂದರು. ನಾಟಕದ ಹೆಸರನ್ನು ಮಾತ್ರ ರಾಜಕುಮಾರನಿಗೆ ಕೊಡದೆ ಹೆಣ್ಣಿಗೆ ಕೊಟ್ಟರು. ಯಾಕೆ ಅಂತ ಆ ಹಿಂದಿನ ಬೆಂಚಿನ ಹುಡುಗನನ್ನೇ ಕೇಳಬಹುದಿತ್ತು ನೀವು.

ಮೈಸೂರು ಸೀಮೆಗೆ ಇದು ಹಳೆಯ ಚಾಳಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ನಾಟಕ ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ' ಹುಟ್ಟಿದ್ದು ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ. ಅದೂ ಹರ್ಷನ 'ರತ್ನಾವಳಿ'ಯನ್ನು ಬಿಚ್ಚಿ ಹೊಲಿದದ್ದೇ. ಬಸವಪ್ಪ ಶಾಸ್ತ್ರಿಗಳು ಶೇಕ್ಸ್‌ಪಿಯರ್‌ನ ಒಥೆಲೊನನ್ನು 'ಶೂರಸೇನ ಚರಿತ್ರೆ' ಮಾಡಿದರು. ಯಾರೂ ಹಳೆಯದನ್ನು ಮಡಿಯಲ್ಲಿಟ್ಟು ಪೂಜೆ ಮಾಡಲಿಲ್ಲ, ನೋಡಿ.

ಮೈಸೂರು ಜೈಲಿನ ಕೈದಿಗಳು 'ಮಾರನಾಯಕ' ಆಡಿದ್ದು ನಿಮಗೆ ನೆನಪಿರಬಹುದು. ಮ್ಯಾಕ್‌ಬೆತ್‌ನ ಕಥೆ, ಎಚ್.ಎಸ್. ಶಿವಪ್ರಕಾಶರ ಕನ್ನಡ, ಹುಲುಗಪ್ಪ ಕಟ್ಟೀಮನಿ ಅವರ ನಿರ್ದೇಶನ. ಒಂದು ಕೊಲೆ ಮಾಡಿದವನಿಗೆ ಆಮೇಲೆ ನಿದ್ದೆಯೇ ಹತ್ತದ ಕಥೆ. ಶಿಕ್ಷೆ ಅನುಭವಿಸುತ್ತಿರುವವರು ಅದನ್ನು ಆಡುವಾಗ ಪ್ರೇಕ್ಷಕರು ಉಸಿರು ಬಿಗಿಹಿಡಿಯದೆ ಇನ್ನೇನು ಮಾಡಲಾದೀತು?

ಹಾಗಾದರೆ ನಿಮ್ಮ ಕ್ಲಾಸಿಗೆ ಬಂದಾಗ ಮಾತ್ರ ಈ ನಾಟಕಗಳಿಗೆ ಯಾಕೆ ಜೀವ ಹೋಗುತ್ತದೆ? ಸಿಟ್ಟಾಗಬೇಡಿ. ಪತ್ರದಲ್ಲಿ 'ಪಾಠ ಮಾಡುತ್ತಿದ್ದೆ' ಅಂದಿದ್ದೀರಿ. ಗಟ್ಟಿಯಾಗಿ ಓದಿದಿರಾ? ಇಬ್ಬರನ್ನು ನಿಲ್ಲಿಸಿ ಮಾತು ಆಡಿಸಿದಿರಾ? ನಾನು ಓದಿದ ಕಾಲೇಜಿನಲ್ಲಿ, ಹೆಸರು ಬೇಡ, ಹ್ಯಾಮ್ಲೆಟ್ ಯಾಕೆ ತಡ ಮಾಡಿದ ಅನ್ನುವುದಕ್ಕೆ ಐದು ಕಾರಣ ಬರೆಸಿದ್ದರು. ಪರೀಕ್ಷೆಯಲ್ಲಿ ನಾಲ್ಕನೆಯದು ಮರೆತು ಒಂದು ಅಂಕ ಹೋಯಿತು. ಆ ನಾಲ್ಕನೇ ಕಾರಣ ಏನೋ ಇವತ್ತಿಗೂ ಗೊತ್ತಿಲ್ಲ. ಹ್ಯಾಮ್ಲೆಟ್‌ಗಾದರೂ ಗೊತ್ತಿತ್ತೋ ಇಲ್ಲವೋ. "ಈ ಮಾತನ್ನು ಯಾರು ಯಾರಿಗೆ ಹೇಳಿದರು? ಸಂದರ್ಭ ಸಹಿತ ವಿವರಿಸಿ" ಅಂದರೆ ಸಾಕು, ದುರ್ಯೋಧನನೂ ಸತ್ತ, ಹ್ಯಾಮ್ಲೆಟ್ಟೂ ಸತ್ತ. ಉಳಿದದ್ದು ಗೈಡು.

ತಪ್ಪೆಲ್ಲ ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಊರಿಗೇ ಹಿಡಿದ ರೋಗ ಇದು. ಆರೂವರೆಗೆ ನಾಟಕ ಅಂತ ಕರೆಯುತ್ತಾರೆ. ಹೋದರೆ ಮೊದಲು ಸಭೆ. ಸ್ವಾಗತ, ಪ್ರಾಸ್ತಾವಿಕ, ದೀಪ, ಆರು ಜನಕ್ಕೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಬಣ್ಣ ಹಚ್ಚಿಕೊಂಡ ದ್ರೌಪದಿ ಪರದೆ ಹಿಂದೆ ಬೆವರುತ್ತಾ ನಿಂತಿರುತ್ತಾಳೆ. ಎಂಟಕ್ಕೆ ನಾಟಕ ಶುರುವಾದಾಗ ಪೇಟದವರು ಎದ್ದು ಹೋಗುತ್ತಾರೆ, ಅವರ ಜೊತೆ ಮೊದಲ ಎರಡು ಸಾಲೂ ಖಾಲಿ. ಮರುದಿನ ಪೇಪರಿನಲ್ಲಿ ಪೇಟದವರ ಆರೂ ಹೆಸರು ಬರುತ್ತವೆ. ದ್ರೌಪದಿಯ ಹೆಸರು ಇರುವುದಿಲ್ಲ. ನಮ್ಮ ಪತ್ರಿಕೆಯೂ ಈ ಪಾಪದಲ್ಲಿ ಪಾಲುದಾರ, ಇಲ್ಲ ಅನ್ನಲಾರೆ. ಆಮೇಲೆ ನಾವೇ ಕೂತು 'ನಾಟಕಕ್ಕೆ ಜನ ಬರುತ್ತಿಲ್ಲ' ಅಂತ ವಿಶೇಷ ಲೇಖನ ಬರೆಸುತ್ತೇವೆ.

ಮೇಷ್ಟ್ರೇ, ಒಂದು ಕೆಲಸ ಮಾಡಿ. ಅವತ್ತು ಬರದೇ ಹೋದ ಹುಡುಗರನ್ನು ಕರೆದು, ಪಾರ್ಟು ಮಾಡಿದವರಲ್ಲಿ ನಿಮ್ಮ ಮನೆಯವರು ಯಾರಿದ್ದರು ಅಂತ ವಿಚಾರಿಸಿ. ಒಬ್ಬನ ಅಪ್ಪನೋ ಚಿಕ್ಕಪ್ಪನೋ ಶಕುನಿ ಆಗಿರುತ್ತಾರೆ, ಅನುಮಾನವೇ ಬೇಡ. ಅವರನ್ನು ಕಾಲೇಜಿಗೆ ಕರೆಸಿ, ಪಗಡೆಯ ಸೀನು ಮಾಡಿಸಿ. ಗೈರುಹಾಜರಿ ಹಾಕಿದ್ದನ್ನು ಹೊಡೆದು ಹಾಕಿ. 'ರಕ್ತಾಕ್ಷಿ' ಮಾರನೆಯ ದಿನ ಶುರುವಾಗಲಿ. ಆ ಹಿಂದಿನ ಬೆಂಚಿನವನಿಗೆ ಯಾವ ಪಾರ್ಟು ಕೊಟ್ಟಿರಿ ಅಂತ ಇನ್ನೊಂದು ಪತ್ರ ಬರೆಯಿರಿ. ಅದು ಎಷ್ಟೇ ಉದ್ದವಿರಲಿ, ಪೂರ್ತಿ ಹಾಕುತ್ತೇನೆ.

ಸಂಪಾದಕ