ಕರಪತ್ರದ ಎರಡು ಮಗ್ಗುಲು

ಬೆಳಗಾವಿಯಲ್ಲಿ ಮರಾಠಿಗರೆಲ್ಲ ಸಮಿತಿಗೆ, ಕನ್ನಡಿಗರೆಲ್ಲ ರಾಷ್ಟ್ರೀಯ ಪಕ್ಷಗಳಿಗೆ ಮತ ಹಾಕುತ್ತಾರಲ್ಲವೇ ಎಂದು ಕೇಳಿದ್ದೀರಿ. ಮೂವತ್ತು ವರ್ಷದ ಹಿಂದೆ ಕೇಳಿದ್ದರೆ ಹೆಚ್ಚುಕಡಿಮೆ ಹೌದು ಎನ್ನುತ್ತಿದ್ದೆ. ಈಗ ಹಾಗೆಂದರೆ ನಮ್ಮ ವಡಗಾವಿಯ ಚಹಾದಂಗಡಿಯವನೇ ನಕ್ಕಾನು.

ಸಮಿತಿ ಎಂದರೆ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ. ಇಲ್ಲಿ ಪೂರ್ತಿ ಹೆಸರನ್ನು ಯಾರೂ ಹೇಳುವುದಿಲ್ಲ. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ನಗರ ಇಲ್ಲಿಯೇ ಉಳಿಯಬೇಕೆಂದು 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಹೇಳಿತು. ಮಹಾರಾಷ್ಟ್ರ ಅದನ್ನು ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಹೀಗಾಗಿ ದಶಕಗಳ ಕಾಲ ಇಲ್ಲಿ ಗಟಾರದ ಪ್ರಶ್ನೆಗಿಂತ ಮೊದಲು ಗಡಿ ಪ್ರಶ್ನೆ ಬರುತ್ತಿತ್ತು. 1996ರ ಲೋಕಸಭಾ ಚುನಾವಣೆಯಲ್ಲಂತೂ ಈ ಒಂದೇ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳಿದ್ದರು. ದೇಶದ ಗಮನ ಸೆಳೆಯಲು ಸಮಿತಿ ಹೂಡಿದ ಉಪಾಯ ಅದು. ಮತಯಂತ್ರವಿಲ್ಲದ ಕಾಲ, ಅಷ್ಟು ಹೆಸರುಗಳ ನಡುವೆ ತನಗೆ ಬೇಕಾದ ಗುರುತನ್ನು ಹುಡುಕುತ್ತ ನಿಂತ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಇಷ್ಟಾಗಿ ಗೆದ್ದವರು ಜನತಾದಳದ ಶಿವಾನಂದ ಕೌಜಲಗಿ.

ಬದಲಾವಣೆ ಎಲ್ಲರ ಕಣ್ಣಿಗೆ ಬಿದ್ದದ್ದು 2021ರ ಸೆಪ್ಟೆಂಬರಿನಲ್ಲಿ. ಪಾಲಿಕೆ ಚುನಾವಣೆ ಅಲ್ಲಿಯವರೆಗೆ ಕನ್ನಡ ಗುಂಪು, ಮರಾಠಿ ಗುಂಪು ಎಂಬ ಲೆಕ್ಕದಲ್ಲೇ ನಡೆಯುತ್ತಿತ್ತು. ಆ ಸಲ ಮೊದಲ ಬಾರಿ ಪಕ್ಷಗಳ ಚಿಹ್ನೆ ಬಂದವು. 58 ವಾರ್ಡುಗಳಲ್ಲಿ 35 ಬಿಜೆಪಿಗೆ, 10 ಕಾಂಗ್ರೆಸ್ಸಿಗೆ. ಸಮಿತಿ ಬೆರಳೆಣಿಕೆಗೆ ಇಳಿಯಿತು. ಮರಾಠಿ ಅಳಿದುಹೋಯಿತೆಂದು ನಮ್ಮ ಕೆಲವರು ಪಟಾಕಿ ಹೊಡೆದರು, ಅದು ತಪ್ಪು ತಿಳಿವಳಿಕೆ. ಗೆದ್ದ ಬಿಜೆಪಿ ಸದಸ್ಯರಲ್ಲಿ ಬಹಳಷ್ಟು ಜನರ ಮನೆಮಾತು ಮರಾಠಿಯೇ. ಗಣೇಶ ಮಂಡಳಿಯಲ್ಲಿ, ಶಿವಜಯಂತಿಯ ಮೆರವಣಿಗೆಯಲ್ಲಿ ಬೆಳೆದ ಹುಡುಗರು ಭಾಷೆಯ ಬಾವುಟ ಬಿಟ್ಟು ಧರ್ಮದ ಬಾವುಟ ಹಿಡಿದರು. ಸಮಿತಿಯ ಒಳಜಗಳವೂ ಅವರಿಗೆ ದಾರಿ ಮಾಡಿಕೊಟ್ಟಿತು.

ಆ ಚುನಾವಣೆಯ ಪ್ರಚಾರಕ್ಕೆ ನಮ್ಮ ಓಣಿಗೆ ಒಬ್ಬ ಅಭ್ಯರ್ಥಿ ಬಂದಿದ್ದ. ಕೈಯಲ್ಲಿ ಕರಪತ್ರದ ಕಟ್ಟು, ಒಂದು ಮಗ್ಗುಲು ಕನ್ನಡ, ಇನ್ನೊಂದು ಮರಾಠಿ. ನಮ್ಮ ಬಾಗಿಲಿಗೆ ಬಂದವನು ಕನ್ನಡ ಮೇಲೆ ಬರುವಂತೆ ಹಿಡಿದು, "ಕಾಕಾ, ಈ ಸಲ ಒಂದು ಅವಕಾಶ ಕೊಡಿ" ಎಂದ. ಪಕ್ಕದ ಬಾಗಿಲಿಗೆ ಹೋಗುವ ನಾಲ್ಕು ಹೆಜ್ಜೆಯಲ್ಲಿ, ಕೆಳಗೆ ನೋಡದೆಯೇ, ಹೆಬ್ಬೆರಳಿನಿಂದ ಕಟ್ಟನ್ನು ತಿರುವಿದ. ಅದರಾಚೆಯದು ನೇಕಾರರ ಮನೆ, ಒಳಗೆ ವಿದ್ಯುತ್ ಮಗ್ಗದ ಸದ್ದು. ಅಲ್ಲಿ ಕರಪತ್ರವನ್ನೇ ತೆಗೆಯಲಿಲ್ಲ. ನೂಲಿನ ದರ ಎಷ್ಟಾಯಿತು ಎಂದು ಕೂಗಿ ಕೇಳಿದ.

ಹಾಗೆಂದು ಸಮಿತಿ ಮುಗಿಯಿತು ಎಂದೂ ಬರೆದುಕೊಳ್ಳಬೇಡಿ. ಬಿಜೆಪಿ ಸಂಸದ ಸುರೇಶ ಅಂಗಡಿಯವರ ನಿಧನದ ನಂತರ 2021ರ ಏಪ್ರಿಲ್‌ನಲ್ಲಿ ನಡೆದ ಲೋಕಸಭಾ ಉಪಚುನಾವಣೆಯಲ್ಲಿ ಅವರ ಪತ್ನಿ ಮಂಗಲಾ ಅಂಗಡಿ ಗೆದ್ದ ಅಂತರ 5,240. ಸೋತ ಕಾಂಗ್ರೆಸ್ ಅಭ್ಯರ್ಥಿ ಸತೀಶ ಜಾರಕಿಹೊಳಿ. ಸಮಿತಿಯ ಯುವಕ ಶುಭಂ ಶೆಳಕೆಗೆ ಬಿದ್ದದ್ದು 1 ಲಕ್ಷ 17 ಸಾವಿರಕ್ಕೂ ಹೆಚ್ಚು ಮತ! 2023ರ ವಿಧಾನಸಭಾ ಚುನಾವಣೆಯಲ್ಲಿ ಬೆಳಗಾವಿ ದಕ್ಷಿಣದಲ್ಲಿ ಬಿಜೆಪಿಯ ಅಭಯ ಪಾಟೀಲರ ಹಿಂದೆ ಎರಡನೆಯ ಸ್ಥಾನಕ್ಕೆ ಬಂದದ್ದೂ ಕಾಂಗ್ರೆಸ್ ಅಲ್ಲ, ಸಮಿತಿ ಬೆಂಬಲಿಸಿದ ಅಭ್ಯರ್ಥಿ. ಸೀಟು ಗೆಲ್ಲದಿದ್ದರೂ ಯಾರು ಗೆಲ್ಲಬೇಕೆಂಬುದನ್ನು ಅಲುಗಾಡಿಸುವ ಶಕ್ತಿ ಅದಕ್ಕೆ ಉಳಿದಿದೆ.

ಬೆಳಗಾವಿ ಉತ್ತರದ ಲೆಕ್ಕವೇ ಬೇರೆ. ಅಲ್ಲಿ ಮುಸ್ಲಿಂ ಮತ ದೊಡ್ಡದು. 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನ ಫಿರೋಜ್ ಸೇಠ್, 2018ರಲ್ಲಿ ಬಿಜೆಪಿಯ ಅನಿಲ ಬೆನಕೆ, 2023ರಲ್ಲಿ ಫಿರೋಜ್ ಅವರ ಸಹೋದರ ಆಸಿಫ್ ಸೇಠ್ ಗೆದ್ದರು. ಇನ್ನು ಕನ್ನಡಿಗರ ಮತ ಒಂದೇ ಗಂಟು ಎಂದುಕೊಳ್ಳುವುದು ಬೆಂಗಳೂರಿನವರ ಭ್ರಮೆ. ಲಿಂಗಾಯತರು, ನೇಕಾರರು, ಕುರುಬರು, ದಲಿತರು ಒಬ್ಬೊಬ್ಬರೂ ತಮ್ಮ ತಮ್ಮ ಲೆಕ್ಕ ಹಾಕಿಯೇ ಮತಗಟ್ಟೆಗೆ ಹೋಗುತ್ತಾರೆ. ಜಾರಕಿಹೊಳಿ ಸಹೋದರರು ಒಂದಕ್ಕಿಂತ ಹೆಚ್ಚು ಪಕ್ಷಗಳಲ್ಲಿರುವ ಜಿಲ್ಲೆಯಲ್ಲಿ ಪಕ್ಷನಿಷ್ಠೆಯ ಮಾತನ್ನು ಸ್ವಲ್ಪ ಮೆಲ್ಲಗೆ ಆಡುವುದು ಒಳ್ಳೆಯದು.

ನಮ್ಮ ಪಕ್ಕದ ಮನೆಯ ಮಾಮಾ ನವೆಂಬರ್ 1ರಂದು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ರಾಜ್ಯೋತ್ಸವವನ್ನು ವಿರೋಧಿಸಿ ಸಮಿತಿ ಆಚರಿಸುವ ಕರಾಳ ದಿನಕ್ಕೆ ಹೋಗುತ್ತಾರೆ. ಸಂಜೆ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ರೂಪಕಗಳನ್ನು ತೋರಿಸುತ್ತಾರೆ. ವಿಧಾನಸಭೆಗೆ ಸಮಿತಿ, ಲೋಕಸಭೆಗೆ ಕಮಲ, ವಾರ್ಡಿಗೆ ಅಳಿಯನ ಗೆಳೆಯ. 2024ರಲ್ಲಿ ಹುಬ್ಬಳ್ಳಿಯಿಂದ ಬಂದು ನಿಂತ ಬಿಜೆಪಿಯ ಜಗದೀಶ ಶೆಟ್ಟರ್ ಅವರು ಆಗಿನ ಕಾಂಗ್ರೆಸ್ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರ ಮಗ ಮೃಣಾಲ್ ಅವರನ್ನು ಒಂದೂಮುಕ್ಕಾಲು ಲಕ್ಷದಷ್ಟು ಅಂತರದಲ್ಲಿ ಸೋಲಿಸಿದಾಗ ಮಾಮಾ ಪೇಡೆ ಹಂಚಿದರು. ಆಗ ಅದೇ ಸಚಿವೆಯ ಇಲಾಖೆಯ ಗೃಹಲಕ್ಷ್ಮಿಯ 2,000 ರೂಪಾಯಿ ಮಾಮಿಯ ಖಾತೆಗೆ ಬರುತ್ತಿತ್ತು. ಆ ಸಲ ನೀನು ಯಾರಿಗೆ ಹಾಕಿದೆ ಎಂದು ಮಾಮಾ ಎರಡು ಬಾರಿ ಕೇಳಿದರಂತೆ. ಮಾಮಿ ಎರಡೂ ಬಾರಿ, ಚಹಾಕ್ಕೆ ಸಕ್ಕರೆ ಸಾಕೋ ಎಂದಷ್ಟೇ ಕೇಳಿದರಂತೆ.