ಉಚಿತ ಸೇವೆಗೆ ಬರುವವರ ಹಿನ್ನೆಲೆ ವಿಚಾರಿಸಬೇಕೆ?

ಪ್ರಶ್ನೆ: ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ ನಮ್ಮ ಸಣ್ಣ ಸೇವಾ ಸಂಸ್ಥೆಯು ಸರ್ಕಾರಿ ಶಾಲೆಯ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತಿದೆ. ಉಚಿತವಾಗಿ ಪಾಠ ಹೇಳಲು ಬರುವ ಸ್ವಯಂಸೇವಕರನ್ನು ವಿಚಾರಿಸಿದರೆ ಅವರಿಗೆ ಅವಮಾನವಾದೀತೆಂದು ಹಿರಿಯ ಸದಸ್ಯರು ಹೇಳುತ್ತಾರೆ. ಏನು ಮಾಡಬೇಕು?

ಉತ್ತರ: ಹಿರಿಯರ ಸಂಕೋಚ ಅರ್ಥವಾಗುವಂಥದ್ದು, ಆದರೂ ವಿಚಾರಿಸಲೇಬೇಕು. ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಸಂಸ್ಥೆಗಳು ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನೂ ಹಿನ್ನೆಲೆ ವಿಚಾರಣೆಯನ್ನೂ ಕಾಲಕಾಲಕ್ಕೆ ಮಾಡಿಸಬೇಕೆಂದು ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯಡಿಯ 2020ರ ನಿಯಮಗಳು ವಿಧಿಸಿವೆ. ಅಲ್ಲಿರುವುದು ನೌಕರರ ಮಾತಾದರೂ, ಸಂಬಳ ಪಡೆಯದವರೂ ಅದೇ ಮಕ್ಕಳ ಪಕ್ಕದಲ್ಲಿ ಕೂರುವುದರಿಂದ ಅವರಿಗೆ ವಿನಾಯಿತಿ ನೀಡಲು ನನಗೆ ಕಾರಣ ಕಾಣುವುದಿಲ್ಲ. ಪೊಲೀಸ್ ಪರಿಶೀಲನಾ ಪತ್ರಕ್ಕೆ ರಾಜ್ಯ ಸರ್ಕಾರದ ಆನ್‌ಲೈನ್ ಸೇವಾ ತಾಣವಾದ ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬಹುದು.

ಆದರೆ ಆ ಪತ್ರವೊಂದನ್ನೇ ನೆಚ್ಚಬೇಡಿ. ದೂರು ದಾಖಲಾಗದ ನಡತೆ ಅದರಲ್ಲಿ ಕಾಣುವುದಿಲ್ಲ, ಮಕ್ಕಳ ಮೇಲಿನ ದೌರ್ಜನ್ಯವಂತೂ ಅನೇಕ ಸಲ ದೂರಿನವರೆಗೆ ಬರುವುದೇ ಇಲ್ಲ. ಆದ್ದರಿಂದ ಅರ್ಜಿದಾರರು ಹಿಂದೆ ಕೆಲಸ ಮಾಡಿದ ಕಡೆಯ, ಸಂಬಂಧಿಕರಲ್ಲದ ಇಬ್ಬರೊಡನೆ ನೀವೇ ಫೋನಿನಲ್ಲಿ ಮಾತನಾಡಿ, ‘ಇವರನ್ನು ಮತ್ತೆ ಮಕ್ಕಳ ಕೆಲಸಕ್ಕೆ ಕರೆಯುವಿರಾ?’ ಎಂದು ನೇರವಾಗಿ ಕೇಳಿ, ಅವರು ತಡವರಿಸಿದರೆ ಕಾರಣ ತಿಳಿದುಕೊಳ್ಳಿ. ಮೊದಲ ಕೆಲವು ತಿಂಗಳು ಹೊಸಬರು ಹಳಬರೊಬ್ಬರ ಜೊತೆಯಲ್ಲೇ ಪಾಠ ಮಾಡಲಿ. ಒಂಟಿ ಮಗುವಿನೊಂದಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಯಾರೂ ಇರಕೂಡದು. ಈ ನಿಯಮ ಅಧ್ಯಕ್ಷರ ಮಗನಿಗೂ ಅನ್ವಯಿಸಿದರೆ ಅವಮಾನದ ಮಾತೇ ಏಳುವುದಿಲ್ಲ.

ಮಕ್ಕಳಿಗೆ 1098 ಸಹಾಯವಾಣಿಯನ್ನು ಹೇಳಿಕೊಡಿ. ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ, ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಹೆಸರು ಉಳಿಸಲೆಂದು ಮುಚ್ಚಿಡುವುದು ಶಿಕ್ಷಾರ್ಹ ಅಪರಾಧ.